ಕಲ್ಲುಪ್ಪಿನ ಭರಣಿಯಲ್ಲಿ ಕಹಿ ನೀರೇಕೆ?

ಪ್ರಶ್ನೆ: ಮಳೆಗಾಲ ಬಂದರೆ ನಮ್ಮ ಮನೆಯ ಕಲ್ಲುಪ್ಪು ಒದ್ದೆಯಾಗಿ ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ನಾಲಗೆಗೆ ತಾಗಿಸಿದರೆ ಉಪ್ಪಿನ ಜೊತೆ ಕಹಿಯೂ ಇದೆ. ಪಕ್ಕದಲ್ಲೇ ಇಟ್ಟ ಪ್ಯಾಕೆಟ್ ಪುಡಿ ಉಪ್ಪು ಮಾತ್ರ ಉದುರುದುರಾಗಿಯೇ ಇರುತ್ತದೆ. ಎರಡೂ ಸಮುದ್ರದ್ದೇ ತಾನೆ? ಈ ಕಹಿ ಎಲ್ಲಿಂದ ಬಂತು? ಮನೆಯಲ್ಲೇ ತೆಗೆಯಲು ಬರುತ್ತದೆಯೇ?

ಉತ್ತರ: ಕಹಿಗೆ ಕಾರಣ ಮೆಗ್ನೀಸಿಯಂ. ಅದು ಸಮುದ್ರದಿಂದಲೇ ಉಪ್ಪಿನ ಜೊತೆ ಬಂದದ್ದು. ಭರಣಿಯ ನೀರಿಗೂ ಮುಖ್ಯವಾಗಿ ಅದೇ ಹೊಣೆ. ಮನೆಯಲ್ಲೇ ತೆಗೆಯಬಹುದು, ಆದರೆ ಅದಕ್ಕೊಂದು ತೊಡಕಿದೆ. ಮೊದಲು ಉಪ್ಪು ಸಮುದ್ರದಿಂದ ಹೇಗೆ ಬೇರೆಯಾಗುತ್ತದೆ ಎಂದು ನೋಡೋಣ.

ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ನಾವು ಉಣ್ಣುವ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಸುಮಾರು 27 ಗ್ರಾಂ. ಉಳಿದದ್ದರಲ್ಲಿ ಮೆಗ್ನೀಸಿಯಂ ಲವಣಗಳದ್ದೇ ದೊಡ್ಡ ಪಾಲು. ಕ್ಯಾಲ್ಸಿಯಂ, ಪೊಟ್ಯಾಸಿಯಂ ಸ್ವಲ್ಪ ಸ್ವಲ್ಪ. ನೀರಿನಲ್ಲಿರುವಾಗ ಇವೆಲ್ಲ ಧನ ಇಲ್ಲವೇ ಋಣ ವಿದ್ಯುದಂಶ ಹೊತ್ತ ಅಯಾನುಗಳಾಗಿ ಬಿಡಿಬಿಡಿಯಾಗಿ ತಿರುಗಾಡುತ್ತಿರುತ್ತವೆ. ನೀರಿನ ಪ್ರತಿ ಅಣುವಿನ ಒಂದು ತುದಿಯಲ್ಲಿ ತುಸು ಋಣ ವಿದ್ಯುದಂಶ, ಇನ್ನೊಂದು ತುದಿಯಲ್ಲಿ ತುಸು ಧನ ವಿದ್ಯುದಂಶ ಇರುತ್ತದೆ. ಆದ್ದರಿಂದ ನೀರಿನ ಅಣುಗಳು ಎರಡೂ ಬಗೆಯ ಅಯಾನುಗಳನ್ನು ಸುತ್ತುವರಿದು, ಅವು ಮತ್ತೆ ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತವೆ. ಕರಗುವುದೆಂದರೆ ಇದೇ.

ಬಿಸಿಲಿಗೆ ನೀರು ಆವಿಯಾದಂತೆ ಸುತ್ತುವರಿಯಲು ನೀರು ಸಾಲದಾಗುತ್ತದೆ. ಆದರೆ ಎಲ್ಲ ಲವಣಗಳಿಗೂ ಈ ಹೊತ್ತು ಒಟ್ಟಿಗೆ ಬರುವುದಿಲ್ಲ. 100 ಮಿಲಿಲೀಟರ್ ನೀರಿನಲ್ಲಿ ಕ್ಯಾಲ್ಸಿಯಂ ಲವಣವಾದ ಜಿಪ್ಸಂ ಕರಗುವುದು ಕಾಲು ಗ್ರಾಂನಷ್ಟು. ಉಪ್ಪು 36 ಗ್ರಾಂ ಕರಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್ 50 ಗ್ರಾಂಗೂ ಹೆಚ್ಚು. ಹಾಗಾಗಿ ಇವು ಒಂದರ ಹಿಂದೆ ಒಂದು ಹೊರಬರುತ್ತವೆ. ಉಸಿಗ್ಲಿಯೊ ಎಂಬ ರಸಾಯನವಿಜ್ಞಾನಿ ಮೆಡಿಟರೇನಿಯನ್ ಸಮುದ್ರದ ನೀರನ್ನು ಆವಿ ಮಾಡುತ್ತಾ, ಯಾವ ಹಂತದಲ್ಲಿ ಏನು ತಳ ಸೇರುತ್ತದೆ ಎಂದು ಅಳೆದು 1849ರಲ್ಲಿ ಪ್ರಕಟಿಸಿದ. ಮೊದಲು ಸುಣ್ಣದಂಥ ಕಾರ್ಬೊನೇಟ್ ಇಳಿಯಿತು. ನೀರು ಐದರಲ್ಲೊಂದು ಪಾಲಿಗೆ ಇಳಿದಾಗ ಜಿಪ್ಸಂ, ಹತ್ತರಲ್ಲೊಂದು ಪಾಲಿಗೆ ಇಳಿದಾಗ ಉಪ್ಪು. ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ನೀರು ಬಿಡದೆ ಕುಳಿತವು.

ಇಲ್ಲೊಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಲೀಟರಿನ 27 ಗ್ರಾಂ ಉಪ್ಪು ಕರಗಿರಲು ಸುಮಾರು 75 ಮಿಲಿಲೀಟರ್ ನೀರು ಸಾಕು. ಆದರೂ ನೀರು 100 ಮಿಲಿಲೀಟರಿಗೆ ಇಳಿಯುವ ಹೊತ್ತಿಗೇ ಹರಳು ಕಾಣಿಸಿಕೊಳ್ಳುತ್ತದೆ. ಏಕೆಂದರೆ ಅಲ್ಲಿ ಮೆಗ್ನೀಸಿಯಂ ಕ್ಲೋರೈಡಿನ ಕ್ಲೋರೈಡ್ ಅಯಾನುಗಳೂ ಸೇರಿಕೊಂಡು, ಉಪ್ಪನ್ನು ಬೇಗ ಹೊರಗೆ ತಳ್ಳುತ್ತವೆ.

ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳು ನಡೆಯುವುದೂ ಇದೇ ನಿಯಮದ ಮೇಲೆ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಭರತದಲ್ಲಿ ಒಳಗೆ ಬಿಟ್ಟುಕೊಂಡು, ಬಿಸಿಲಿಗೆ ಗಟ್ಟಿಯಾಗಿಸುತ್ತಾ, ಹರಳುಗಟ್ಟುವ ಕೊನೆಯ ಪಾತಿಗಳಿಗೆ ಹಾಯಿಸುತ್ತಾರೆ. ದೊಡ್ಡ ಕಾರ್ಖಾನೆಗಳಲ್ಲಿ ನೀರಿನ ಸಾಂದ್ರತೆಯನ್ನು ಬೋಮೆ ಮಾಪಕದಿಂದ ಅಳೆಯುತ್ತಾರೆ. ಸಮುದ್ರದ ನೀರು ಸುಮಾರು 3 ಡಿಗ್ರಿ ತೋರಿಸುತ್ತದೆ. 25ಕ್ಕೆ ಬಂದಾಗ ಉಪ್ಪು ಹರಳುಗಟ್ಟತೊಡಗುತ್ತದೆ. 29–30 ಆಗುತ್ತಲೇ ಉಳಿದ ನೀರನ್ನು ಹೊರಗೆ ಬಿಟ್ಟುಬಿಡಬೇಕು. ಪೂರ್ತಿ ಒಣಗಲು ಬಿಟ್ಟರೆ ಇನ್ನಷ್ಟು ಉಪ್ಪು ಸಿಗುತ್ತದೆ, ನಿಜ. ಕಹಿಯೂ ಅದರೊಂದಿಗೇ ಬರುತ್ತದೆ. ಉಪ್ಪು ಮಾಡುವವರ ಕಸಬುಗಾರಿಕೆ ಇರುವುದು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅರಿಯುವುದರಲ್ಲಿ.

ಹಾಗೆ ಬಿಟ್ಟ ಮೇಲೂ ಕಹಿ ಭರಣಿಗೆ ಹೇಗೆ ಬಂತು? ಉಪ್ಪಿನ ಹರಳು ಒಂದೇ ಅಳತೆಯ ಇಟ್ಟಿಗೆಯ ಗೋಡೆಯಂತೆ. ಸೋಡಿಯಂ, ಕ್ಲೋರೈಡ್ ಒಂದು ಬಿಟ್ಟು ಒಂದು ಕೂರುತ್ತವೆ. ಮೆಗ್ನೀಸಿಯಂ ಅಯಾನಿನ ಅಳತೆ ಬೇರೆ, ವಿದ್ಯುದಂಶ ಬೇರೆ. ಅದಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಹರಳಿನ ಮೈಮೇಲೆ, ಸಂದಿಯಲ್ಲಿ, ಅವಸರದಲ್ಲಿ ಬೆಳೆದ ಹರಳಿನ ಪೊಳ್ಳಿನಲ್ಲಿ ಆ ಕಹಿ ನೀರು ಅಷ್ಟಿಷ್ಟು ಸಿಕ್ಕಿಹಾಕಿಕೊಂಡಿರುತ್ತದೆ. ಅಂಗಡಿಯಿಂದ ಬರುವಾಗ ಕಲ್ಲುಪ್ಪಿನೊಂದಿಗೆ ಅದೂ ಬರುತ್ತದೆ.

ಇನ್ನು ಭರಣಿಯ ನೀರು. ಅದು ಗಾಳಿಯದು. ಶುದ್ಧ ಉಪ್ಪು ಗಾಳಿಯ ತೇವವನ್ನು ಹೀರಿ ಕರಗತೊಡಗಲು ಸಾಪೇಕ್ಷ ಆರ್ದ್ರತೆ ಶೇ. 75 ದಾಟಬೇಕು. ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಸಾಕು. ಕರಾವಳಿಯ ಜಡಿಮಳೆಯಲ್ಲಿ ಎರಡು ಮಿತಿಗಳೂ ದಾಟಿರುತ್ತವೆ. ಆದರೆ ಮೊದಲು ನೀರಾಗುವುದು ಮೆಗ್ನೀಸಿಯಂ. ಅದು ಹರಳುಗಳ ಮೇಲಿಂದ ಜಾರಿ, ತುಸು ಉಪ್ಪನ್ನೂ ಕರಗಿಸಿಕೊಂಡು ತಳ ಸೇರುತ್ತದೆ. ನೀವು ರುಚಿ ನೋಡಿದ್ದು ಇದನ್ನೇ. ಜಪಾನಿನಲ್ಲಿ ಇಂಥದೇ ಕಹಿ ದ್ರವವನ್ನು ನಿಗಾರಿ ಎಂದು ಕರೆದು, ಸೋಯಾ ಹಾಲು ಒಡೆಸಿ ತೋಫು ಮಾಡಲು ಬಳಸುತ್ತಾರೆ.

ಪುಡಿ ಉಪ್ಪಿನ ಗುಟ್ಟು ಎರಡು. ಕಾರ್ಖಾನೆಯಲ್ಲಿ ಅದನ್ನು ತೊಳೆದು ಮೆಗ್ನೀಸಿಯಂ ತೆಗೆದಿರುತ್ತಾರೆ. ಜೊತೆಗೆ ಕಣಗಳು ಗಂಟುಕಟ್ಟದಿರಲು ಅನುಮತಿ ಇರುವ ಪದಾರ್ಥವೊಂದನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ಆದರೂ ಪ್ಯಾಕೆಟ್ ತೆರೆದಿಟ್ಟರೆ ಆಷಾಢದ ಗಾಳಿಗೆ ಅದೂ ಒದ್ದೆಯಾಗುತ್ತದೆ.

ಮನೆಯಲ್ಲಿ ಶುದ್ಧಿ ಮಾಡಲು ಕುದಿಯುವ ನೀರಿನಲ್ಲಿ ಕರಗಿಸಿ ಆರಿಸೋಣ ಎಂದುಕೊಂಡರೆ ಕೈಗೆ ಹೆಚ್ಚೇನೂ ಸಿಗದು. 100 ಮಿಲಿಲೀಟರ್ ಕುದಿನೀರು 39 ಗ್ರಾಂ ಉಪ್ಪು ಹಿಡಿದರೆ, ಆರಿದ ನೀರು 36 ಗ್ರಾಂ ಹಿಡಿಯುತ್ತದೆ. ಹರಳಾಗುವುದು 3 ಗ್ರಾಂ ಮಾತ್ರ. ಪೊಟ್ಯಾಸಿಯಂ ನೈಟ್ರೇಟಿಗೆ ಈ ಉಪಾಯ ಸರಿ; ಕುದಿಯುವಾಗ 240 ಗ್ರಾಂಗೂ ಹೆಚ್ಚು ಕರಗುವ ಅದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 32ಕ್ಕೆ ಇಳಿಯುತ್ತದೆ. ಉಪ್ಪಿಗೆ ಬೇರೆ ದಾರಿಯಿದೆ: ಉಪ್ಪನ್ನು ಉಪ್ಪುನೀರಿನಲ್ಲೇ ತೊಳೆಯುವುದು. 100 ಮಿಲಿಲೀಟರ್ ನೀರಿಗೆ 40 ಗ್ರಾಂ ಪುಡಿ ಉಪ್ಪು ಹಾಕಿ ಚೆನ್ನಾಗಿ ಕಲಕಿ; ತಳದಲ್ಲಿ ಸ್ವಲ್ಪ ಕರಗದೆ ಉಳಿಯಬೇಕು. ಈ ಪರ್ಯಾಪ್ತ ದ್ರಾವಣಕ್ಕೆ ಇನ್ನಷ್ಟು ಉಪ್ಪು ಕರಗಿಸುವ ಶಕ್ತಿ ಇಲ್ಲ, ಮೆಗ್ನೀಸಿಯಂಗೆ ಮಾತ್ರ ಜಾಗವಿದೆ. ಕಲ್ಲುಪ್ಪನ್ನು ಅದರಲ್ಲಿ ಜಾಲಿಸಿ, ಬಸಿದು, ಒಣಗಿಸಿ. ಕಾರ್ಖಾನೆಯಲ್ಲೂ ಹೀಗೆಯೇ ತೊಳೆಯುತ್ತಾರೆ. ತೊಳೆದದ್ದು, ತೊಳೆಯದ್ದು ಎರಡನ್ನೂ ಬಟ್ಟಲುಗಳಲ್ಲಿ ಅಕ್ಕಪಕ್ಕ ತೆರೆದಿಡಿ. ಯಾವುದು ಮೊದಲು ಒದ್ದೆಯಾಗುತ್ತದೆ ನೋಡಿ.

ತೊಡಕು ಇಷ್ಟೇ. ಅಯೋಡಿನ್ ಸೇರಿಸುವುದು ಉಪ್ಪು ತಯಾರಾದ ಮೇಲೆ, ಹರಳಿನ ಮೈಮೇಲೆ. ತೊಳೆದರೆ ಕಹಿಯ ಜೊತೆ ಅದೂ ಹೋಗುತ್ತದೆ. ಆದ್ದರಿಂದ ಈ ತೊಳೆಯುವಿಕೆ ಪ್ರಯೋಗಕ್ಕಷ್ಟೇ ಇರಲಿ. ಅಡುಗೆಯ ಕಲ್ಲುಪ್ಪನ್ನು ಬಿಗಿ ಮುಚ್ಚಳದ ಭರಣಿಯಲ್ಲಿಟ್ಟು, ಒದ್ದೆ ಕೈ ತಾಗಿಸದಿದ್ದರೆ ಸಾಕು.