ತಂತಿಯ ಮೇಲೆ ಜಾರುವ ಮೊದಲು, ಜಲಪಾತ ಹತ್ತುವ ಮೊದಲು
(ಸದಸ್ಯರ ಅಭ್ಯಾಸ ಪಾಠ)



ಕಾರ್ತಿಕ ಕಳೆದು ಗೂಳೂರು ಮಹಾಗಣಪತಿಯ ವಿಸರ್ಜನೆಯಾದ ಮೇಲೆ ನಮ್ಮ ಕಡೆಯ ಅನೇಕ ಬೆಳೆಗಾರ ಕುಟುಂಬಗಳು ನಾಲ್ಕು ದಿನ ಪ್ರವಾಸ ಹೊರಡುವುದು ವಾಡಿಕೆ. ಹಿಂದೆ ಪ್ರವಾಸವೆಂದರೆ ಧರ್ಮಸ್ಥಳ, ಶೃಂಗೇರಿ, ಹೊರನಾಡು ಎಂದಿತ್ತು. ಈಗ ದಾರಿಯಲ್ಲಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಹೋಂಸ್ಟೇಗಳಲ್ಲಿಯೂ ತಂಗುತ್ತಾರೆ. ಅಂಥ ಕಡೆಗಳಲ್ಲಿ ಮಕ್ಕಳ ಕಣ್ಣು ಮೊದಲು ಬೀಳುವುದು ಎರಡು ಸಾಹಸಗಳ ಮೇಲೆ. ಒಂದು, ಕಣಿವೆಗೆ ಅಡ್ಡವಾಗಿ ಕಟ್ಟಿದ ಉಕ್ಕಿನ ತಂತಿಯಲ್ಲಿ ತೂಗಿಕೊಂಡು ಜಾರುವ ಜಿಪ್‌ಲೈನ್. ಇನ್ನೊಂದು, ಮಾರ್ಗದರ್ಶಿಯ ಹಿಂದೆ ಹಗ್ಗ ಹಿಡಿದು ಜಲಪಾತದ ಬಂಡೆ ಹತ್ತುವುದು ಅಥವಾ ಇಳಿಯುವುದು.

ಇವು ಬೇಡವೆಂದು ಹೇಳಲು ಈ ಪಾಠವಲ್ಲ. ಸರಿಯಾಗಿ ನಡೆಸಿದರೆ ಎರಡೂ ಸಂತೋಷ ಕೊಡುವ ಸಾಹಸಗಳೇ. ಆದರೆ ಅಲ್ಲಿ ನಮ್ಮ ಮಗನನ್ನೋ ಮಗಳನ್ನೋ ಒಂದು ತಂತಿಗೆ ತೂಗುಬಿಡುತ್ತೇವೆ. ಆ ತಂತಿ ಯೋಗ್ಯವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೆ ಬೇಕಾದ ತಿಳಿವಳಿಕೆಯ ಬಹುಪಾಲು ತೋಟದ ಕೆಲಸ ಮಾಡಿದವರಿಗೆ ಈಗಾಗಲೇ ಇದೆ ಎಂಬುದನ್ನು ತೋರಿಸುವುದೇ ಈ ಪಾಠದ ಉದ್ದೇಶ.

1. ಇದು ಎಲ್ಲಿಂದ ಬಂತು?

ಹೊಳೆ, ಕಣಿವೆಗಳನ್ನು ಹಗ್ಗದಲ್ಲಿ ತೂಗಿ ದಾಟುವುದು ಬೆಟ್ಟದ ಜನರ ಹಳೆಯ ಪದ್ಧತಿ. ಹಿಮಾಲಯದ ಹಳ್ಳಿಗಳಲ್ಲಿ ಆಳು, ಮೂಟೆ ಎರಡೂ ಹೀಗೆ ದಾಟುತ್ತಿದ್ದವು. ಇದು ಪ್ರವಾಸಿಗರ ಆಟವಾಗಿ ಬೆಳೆದದ್ದು ಮುಖ್ಯವಾಗಿ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ. ಅದೂ ನಮ್ಮ ಮಲೆನಾಡಿನಂತೆ ಕಾಫಿ ಬೆಳೆಯುವ ಮಳೆನಾಡು. 1970ರ ದಶಕದಲ್ಲಿ ಡೊನಾಲ್ಡ್ ಪೆರ್ರಿ ಎಂಬ ಜೀವವಿಜ್ಞಾನಿ ಅಲ್ಲಿನ ಮಳೆಕಾಡಿನ ಮರಗಳ ನೆತ್ತಿಯಲ್ಲಿ ವಾಸಿಸುವ ಜೀವಿಗಳನ್ನು ಅಭ್ಯಸಿಸಲು ಹಗ್ಗಗಳ ನೆರವಿನಿಂದ ಮೇಲೇರಿ ಓಡಾಡಿದರು. ಮುಂದೆ ಅದೇ ಬಗೆಯ ವ್ಯವಸ್ಥೆ ಪ್ರವಾಸಿಗರಿಗೂ ತೆರೆಯಿತು.

ಜಲಪಾತ ಹತ್ತುವುದಕ್ಕೆ ಹೆಸರಾದದ್ದು ಜಮೈಕಾ ದ್ವೀಪದ ಡನ್ಸ್ ರಿವರ್ ಜಲಪಾತ. ಜಮೈಕಾ ಕೂಡ ಕಾಫಿಗೆ ಪ್ರಸಿದ್ಧ. ಸುಮಾರು 600 ಅಡಿಯ ಆ ಜಲಪಾತ ಮೆಟ್ಟಿಲುಗಳಂತೆ ಇಳಿಯುತ್ತದೆ. ಪ್ರವಾಸಿಗರು ಕೈಕೈ ಹಿಡಿದು ಸರಪಳಿಯಾಗಿ, ಮಾರ್ಗದರ್ಶಿ ತೋರಿದ ಕಡೆ ಕಾಲಿಟ್ಟು ಹತ್ತುತ್ತಾರೆ. ನಮ್ಮ ಪಶ್ಚಿಮಘಟ್ಟದ ಜಲಪಾತಗಳು ಹಾಗಲ್ಲ. ಜೋಗ ಸುಮಾರು 253 ಮೀಟರ್ ನೇರ ಬೀಳು. ಕೆಮ್ಮಣ್ಣುಗುಂಡಿ ಬಳಿಯ ಹೆಬ್ಬೆ ಎರಡು ಹಂತದಲ್ಲಿ ಧುಮುಕುತ್ತದೆ. ಅಲ್ಲಿಯ ಚಿತ್ರ ನೋಡಿ ಇಲ್ಲಿ ಹತ್ತಹೊರಡುವುದು ತಪ್ಪು.

2. ಅಡಿಕೆ ತೋಟದಲ್ಲೇ ಇರುವ ಪಾಠ

ಮಲೆನಾಡಿನ ಕೊನೆಗಾರ ಮರದ ತಲೆಯಲ್ಲಿ ಕುಳಿತು ಕೊನೆ ಕೊಯ್ದು, ಹಗ್ಗದ ಮೇಲೆ ಜಾರಿಬಿಡುವುದನ್ನು ಅನೇಕರು ನೋಡಿದ್ದೀರಿ. ಕೆಳಗೆ ಒಬ್ಬ ಆ ಹಗ್ಗದ ತುದಿ ಹಿಡಿದು ನಿಂತಿರುತ್ತಾನೆ. ಅವನು ಬುಡದಿಂದ ದೂರ ನಿಂತರೆ ಇಳಿಜಾರು ಕಡಿಮೆ, ಕೊನೆ ನಿಧಾನವಾಗಿ ಬರುತ್ತದೆ. ಬುಡದ ಹತ್ತಿರ ನಿಂತರೆ ಕೊನೆ ರಭಸದಿಂದ ಬಂದು ಬಡಿಯುತ್ತದೆ, ಅಡಿಕೆ ಉದುರುತ್ತದೆ. ಜಿಪ್‌ಲೈನಿನ ತತ್ತ್ವವೂ ಇಷ್ಟೇ. ಕೊನೆಯ ಜಾಗದಲ್ಲಿ ಮನುಷ್ಯನಿದ್ದಾನೆ, ನಾರಿನ ಹಗ್ಗದ ಜಾಗದಲ್ಲಿ ಉಕ್ಕಿನ ತಂತಿಯಿದೆ, ಕೆಳಗೆ ಹಗ್ಗ ಹಿಡಿದವನ ಜಾಗದಲ್ಲಿ ಬ್ರೇಕ್ ವ್ಯವಸ್ಥೆಯಿದೆ.

ಇಳಿಜಾರು ಹೆಚ್ಚಿದಂತೆ ವೇಗ ಹೇಗೆ ಏರುತ್ತದೆಂದು ಲೆಕ್ಕ ಹಾಕಿ ನೋಡೋಣ. ಗಾಳಿಯ ತಡೆ, ರಾಟೆಯ ಘರ್ಷಣೆ ಇಲ್ಲವೆಂದು ಇಟ್ಟುಕೊಂಡರೆ, ಆರಂಭಕ್ಕಿಂತ 5 ಮೀಟರ್ ಕೆಳಗೆ ತಲುಪುವಾಗ ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್. 10 ಮೀಟರ್ ಕೆಳಗಾದರೆ ಸುಮಾರು 50. ಘರ್ಷಣೆಯಿಂದ ಇದು ಕಡಿಮೆಯಾಗುವುದು ನಿಜ. ಆದರೂ ಓಡುವ ಮೋಟಾರ್ ಸೈಕಲ್ಲಿನ ವೇಗದಲ್ಲಿ ಬರುವ ಮನುಷ್ಯನನ್ನು ಬರಿಗೈಯಿಂದ ಹಿಡಿದು ನಿಲ್ಲಿಸಲಾಗದು. ಆದ್ದರಿಂದ ಮೊದಲು ನೋಡತಕ್ಕದ್ದು ಇಳಿಯುವ ತುದಿಯನ್ನು. ಅಲ್ಲಿ ಸ್ಪ್ರಿಂಗ್, ಹಗ್ಗ ಅಥವಾ ಬೇರೆ ಬಗೆಯ ಬ್ರೇಕ್ ಇದೆಯೇ? ಅದು ಕೆಲಸ ಮಾಡದಿದ್ದರೆ ಎರಡನೆಯ ತಡೆ ಇದೆಯೇ? ಬರೀ ಒಂದು ಹಳೆಯ ಹಾಸಿಗೆ ಕಟ್ಟಿದ್ದರೆ ಟಿಕೆಟ್ ಹಣ ಹೋದರೂ ಸರಿ, ಹತ್ತಬೇಡಿ.

3. ತಂತಿ ಬಿಗಿಯಾದಷ್ಟೂ ಭಾರ ಹೆಚ್ಚು

ಇದನ್ನು ಹಲವರು ತಿರುಗಾಮುರುಗಾ ತಿಳಿದಿದ್ದಾರೆ. ಜೋತುಬಿದ್ದ ತಂತಿ ಅಪಾಯ, ಬಿಗಿಯಾದ ತಂತಿ ಭದ್ರ ಎಂದು ಭಾವಿಸುತ್ತಾರೆ. ಬಟ್ಟೆ ಒಣಹಾಕುವ ತಂತಿಯನ್ನು ತೀರ ಬಿಗಿದು ಕಟ್ಟಿ, ಒದ್ದೆ ಜಮಖಾನ ಹಾಕಿದಾಗ ಗೋಡೆಯ ಮೊಳೆ ಕಿತ್ತುಬರುವುದನ್ನು ನೆನಪಿಸಿಕೊಳ್ಳಿ.

80 ಕಿಲೋ ತೂಕದ ಒಬ್ಬರು 100 ಮೀಟರ್ ತಂತಿಯ ನಡುವೆ ತೂಗುತ್ತಿದ್ದಾರೆಂದು ಇಟ್ಟುಕೊಳ್ಳಿ. ತಂತಿ ನಡುವೆ 5 ಮೀಟರ್ ಜೋತರೆ ಆ ಒಬ್ಬರಿಂದ ತಂತಿಯಲ್ಲಿ ಉಂಟಾಗುವ ಎಳೆತ ಸುಮಾರು 400 ಕಿಲೋ. ತಂತಿಯನ್ನು ಬಿಗಿದು ಜೋತ 2 ಮೀಟರಿಗೆ ಇಳಿಸಿದರೆ ಅದೇ ವ್ಯಕ್ತಿಯಿಂದ ಎಳೆತ ಸುಮಾರು 1000 ಕಿಲೋ ಆಗುತ್ತದೆ. ತೂಕವನ್ನು ತಂತಿಯ ಉದ್ದದಿಂದ ಗುಣಿಸಿ, ಜೋತದ ನಾಲ್ಕರಷ್ಟರಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ತಂತಿಯ ಸ್ವಂತ ಭಾರ ಇದಕ್ಕೆ ಹೊರತು. ಈ ಎಳೆತವೆಲ್ಲ ಕಂಬ ಅಥವಾ ಮರದ ಮೇಲೆ, ತಂತಿಯ ತುದಿಯ ಕಟ್ಟಿನ ಮೇಲೆ ಬೀಳುತ್ತದೆ. ಹೀಗಾಗಿ ಜಿಪ್‌ಲೈನ್ ಕಟ್ಟುವುದು ಬೇಲಿ ತಂತಿ ಎಳೆದಷ್ಟು ಸುಲಭದ ಕೆಲಸವಲ್ಲ. ಲೆಕ್ಕ ತಿಳಿದ ಇಂಜಿನಿಯರೇ ಮಾಡತಕ್ಕದ್ದು.

2024ರ ಮೇ ತಿಂಗಳಲ್ಲಿ ಆಗಿನ ರಾಮನಗರ ಜಿಲ್ಲೆಯ ಹಾರೋಹಳ್ಳಿ ಬಳಿಯ ಒಂದು ರೆಸಾರ್ಟಿನಲ್ಲಿ ಜಿಪ್‌ಲೈನ್ ತಂತಿ ತುಂಡಾಗಿ ಪ್ರವಾಸಕ್ಕೆ ಬಂದಿದ್ದ ಮಹಿಳೆಯೊಬ್ಬರು ಬಿದ್ದು ಮೃತಪಟ್ಟರು. ನಮ್ಮ ಕುಣಿಗಲ್ ಕಡೆಯಿಂದ ಅದು ಬಹಳ ದೂರದ ಊರಲ್ಲ. ತಂತಿ ತುಂಡಾಗುವುದು ಪುಸ್ತಕದ ಮಾತಲ್ಲ ಎಂಬುದಕ್ಕೆ ಇಷ್ಟು ಸಾಕು.

4. ಕಣ್ಣಿನಿಂದ ನೋಡತಕ್ಕ ಅಂಶಗಳು

ಬೋರ್‌ವೆಲ್ಲಿನಿಂದ ಮೋಟಾರು ಎತ್ತುವಾಗ ನಾವು ಹಗ್ಗ, ರಾಟೆ, ಕ್ಲಾಂಪುಗಳನ್ನು ನೋಡದೆ ಕೈ ಹಾಕುವುದಿಲ್ಲ. ಹಗ್ಗ ಹರಿದರೆ ಮೋಟಾರು ಪಾತಾಳ ಸೇರುತ್ತದೆಂಬ ಭಯ. ಮೋಟಾರಿಗೆ ತೋರುವ ಎಚ್ಚರಿಕೆಯನ್ನು ಮಕ್ಕಳಿಗೂ ತೋರಬೇಕು.

(ಅ) ತಂತಿ: ಎಳೆಗಳು ಕಡಿದು ಮುಳ್ಳಿನಂತೆ ಎದ್ದಿದ್ದರೆ, ತುಕ್ಕು ಹಿಡಿದಿದ್ದರೆ, ಎಲ್ಲಿಯಾದರೂ ಮಡಿಕೆ ಬಿದ್ದಿದ್ದರೆ, ಹೆಣಿಗೆ ಬಿಚ್ಚಿ ಉಬ್ಬಿದ್ದರೆ ಆ ತಂತಿಯ ಆಯುಷ್ಯ ಮುಗಿದಂತೆ.

(ಆ) ತುದಿಯ ಕಟ್ಟು: ತಂತಿಯನ್ನು ಮಡಚಿ ಕ್ಲಾಂಪುಗಳಿಂದ ಬಿಗಿದಿದ್ದರೆ ಕನಿಷ್ಠ 3 ಇರಬೇಕು. ಕ್ಲಾಂಪಿನ ಎರಕದ ತಳ ಭಾರ ಹೊರುವ ತಂತಿಯ ಮೇಲೂ, ಬಾಗಿದ ಬೋಲ್ಟು ಮಡಚಿದ ತುಂಡು ತುದಿಯ ಮೇಲೂ ಕೂರಬೇಕು. ತಿರುವಿ ಹಾಕಿದರೆ ಬೋಲ್ಟು ಭಾರದ ತಂತಿಯನ್ನೇ ಕಚ್ಚಿ ದುರ್ಬಲಗೊಳಿಸುತ್ತದೆ.

(ಇ) ಆಧಾರ: ಮರಕ್ಕೆ ಕಟ್ಟಿದ್ದರೆ ಮರ ಜೀವಂತವಾಗಿದೆಯೇ, ಬುಡ ಕೊಳೆತಿದೆಯೇ, ತಂತಿ ತೊಗಟೆಯೊಳಗೆ ಹೂತಿದೆಯೇ ನೋಡಿ. ರೋಗದ ಮರವನ್ನು ಗುರುತಿಸಲು ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

(ಈ) ಸೊಂಟ ಮತ್ತು ತೊಡೆಗೆ ಕಟ್ಟುವ ಹಾರ್ನೆಸ್ ಪಟ್ಟಿ: ನೈಲಾನ್ ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತದೆ. ಬಣ್ಣ ಮಾಸಿ ಬಿರುಸಾಗಿದ್ದರೆ, ಹೊಲಿಗೆ ಬಿಟ್ಟಿದ್ದರೆ ಬೇಡವೆನ್ನಿ. ರಾಟೆಗೆ ಒಂದು ಕೊಂಡಿಯಲ್ಲದೆ, ಅದು ಕೈಕೊಟ್ಟರೂ ಹಿಡಿಯುವ ಇನ್ನೊಂದು ಪ್ರತ್ಯೇಕ ಕೊಂಡಿ ತಂತಿಗೆ ಇರಬೇಕು. ಕೊಂಡಿಗಳಿಗೆ ತಾನಾಗಿ ತೆರೆಯದಂತೆ ಬೀಗದ ತಿರುಪು ಇರಬೇಕು.

(ಉ) ತೂಕ: ಗರಿಷ್ಠ ಮಾತ್ರವಲ್ಲ, ಕನಿಷ್ಠ ತೂಕದ ನಿಯಮವೂ ಇರಬೇಕು. ಹಗುರವಾದ ಮಗು ನಡುದಾರಿಯಲ್ಲೇ ನಿಂತುಬಿಡಬಹುದು. ಹಾಗೆ ಹಾರ್ನೆಸ್ಸಿನಲ್ಲಿ ಅಲ್ಲಾಡದೆ ತೂಗಿದರೆ ತೊಡೆಯ ಪಟ್ಟಿ ಒತ್ತಿ ರಕ್ತಸಂಚಾರ ಕುಗ್ಗುತ್ತದೆ. ನಿಂತವರನ್ನು ಎಷ್ಟು ಬೇಗ, ಹೇಗೆ ಇಳಿಸುತ್ತೀರಿ ಎಂದು ಮೊದಲೇ ಕೇಳಿ.

(ಊ) ಉಡುಪು: ಸೀರೆಯ ಸೆರಗು, ವೇಲು, ಉದ್ದ ಜಡೆ, ಸರ ಇವು ರಾಟೆಗೆ ಸಿಕ್ಕದಂತೆ ಕಟ್ಟಿಕೊಳ್ಳತಕ್ಕದ್ದು. ತಲೆಗೆ ಹೆಲ್ಮೆಟ್ ಕಡ್ಡಾಯ.

5. ಜಲಪಾತದ ಪಾಠ ಬೇರೆ

ತಂತಿಯನ್ನು ನೋಡಿ ಪರೀಕ್ಷಿಸಬಹುದು, ನೀರನ್ನು ಹಾಗೆ ಪರೀಕ್ಷಿಸಲಾಗದು. ಇಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಯ್ದರೆ ಸ್ವಲ್ಪ ಹೊತ್ತಿನಲ್ಲೇ ಹಳ್ಳ ಉಕ್ಕಿ ಬರುತ್ತದೆ. ಅದಕ್ಕೆ ಮುನ್ಸೂಚನೆಗಳಿವೆ. ತಿಳಿನೀರು ಕೆಂಪಾಗುವುದು, ಎಲೆ ಕಡ್ಡಿಗಳು ತೇಲಿಬರುವುದು, ನೀರಿನ ಸದ್ದು ದಪ್ಪವಾಗುವುದು. ಇವುಗಳಲ್ಲಿ ಒಂದು ಕಂಡರೂ ಹೊಳೆಯಿಂದ ಹೊರಬಂದು ಎತ್ತರದ ಜಾಗ ಸೇರತಕ್ಕದ್ದು. ಚಪ್ಪಲಿ, ಚೀಲಕ್ಕೆಂದು ಹಿಂದಿರುಗಬಾರದು.

ಎರಡನೆಯದು ಪಾಚಿ. ಅಡಿಕೆ ತೋಟದ ಕಾಲುವೆಯ ಸಂಕದ ಮೇಲೆ ಮಳೆಗಾಲದಲ್ಲಿ ಕಾಲಿಟ್ಟವರಿಗೆ ಇದು ಗೊತ್ತು. ಜಲಪಾತದ ಅಂಚಿನ ಬಂಡೆ ಒಣಗಿದಂತೆ ಕಂಡರೂ ಹನಿ ಬಿದ್ದು ಬಿದ್ದು ಜಾರುತ್ತಿರುತ್ತದೆ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತು ವಿಡಿಯೊ ತೆಗೆಸಿಕೊಳ್ಳುತ್ತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ದೇಹ ಸಿಕ್ಕಿದ್ದು ಹಲವು ದಿನಗಳ ಮೇಲೆ.

ಮೂರನೆಯದು ಹಗ್ಗವೇ ತರುವ ಅಪಾಯ. ಬೀಳುವ ನೀರಿನ ಕೆಳಗೆ ಹಗ್ಗದಲ್ಲಿ ಸಿಕ್ಕಿಕೊಂಡವರಿಗೆ ಉಸಿರಾಡಲು ಆಗದು. ಆದ್ದರಿಂದ ಒಣ ಬಂಡೆ ಹತ್ತುವ ತರಬೇತಿ ಒಂದೇ ಸಾಲದು. ಮೇಲಿನಿಂದ ಹಗ್ಗವನ್ನು ತಕ್ಷಣ ಸಡಿಲಿಸಿ ಕೆಳಗಿಳಿಸುವ ವ್ಯವಸ್ಥೆ ಇರಬೇಕು. ಬುಡದ ಗುಂಡಿಯ ಬಳಿ ಈಜು ಬಲ್ಲ ಇನ್ನೊಬ್ಬ ಮಾರ್ಗದರ್ಶಿ ನಿಂತಿರಬೇಕು. ಬೀಳುವ ನೀರು ಗುಂಡಿಯಲ್ಲಿ ಸುಳಿಯಾಗಿ ತಿರುಗುವುದರಿಂದ ಒಳ್ಳೆಯ ಈಜುಗಾರನನ್ನೂ ಅಡಿಗೆ ಎಳೆಯುತ್ತದೆ.

ಚಿತ್ರದುರ್ಗದ ಜ್ಯೋತಿರಾಜ್ ಅವರ ಹೆಸರು ಎಲ್ಲರೂ ಕೇಳಿದ್ದೀರಿ. ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಹತ್ತುವ ಅವರು ಜೋಗವನ್ನೂ ಹತ್ತಿದವರು. ಅಂಥವರೇ 2018ರಲ್ಲಿ ಜೋಗದ ಗುಂಡಿಗೆ ಶವ ಹುಡುಕಲು ಇಳಿದು ಮೇಲೆ ಬರಲಾರದೆ, ಮರುದಿನ ಪತ್ತೆಯಾದರು. ಕಲಿತವರಿಗೇ ಹೀಗಾದರೆ ನಮ್ಮಂಥವರು ಮಾರ್ಗದರ್ಶಿಯಿಲ್ಲದೆ ಇಳಿಯುವ ಮಾತೇ ಬೇಡ. ಮಳೆಗಾಲದಲ್ಲಿ ಮಾರ್ಗದರ್ಶಿ ಇದ್ದರೂ ಬೇಡ.

6. ಮಾರ್ಗದರ್ಶಿಯನ್ನು ಅಳೆಯುವುದು

ಬೆಂಗಳೂರಿನಲ್ಲಿ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. 1906ರಲ್ಲಿ ಮಡಿಕೇರಿಯಲ್ಲಿ ಕಾಫಿ ಬೆಳೆಗಾರರ ಮನೆಯಲ್ಲಿ ಹುಟ್ಟಿ ಭೂಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರ ಹೆಸರು ಅದಕ್ಕಿದೆ. ಬಂಡೆ ಹತ್ತುವುದೇ ಮೊದಲಾದ ಸಾಹಸಗಳಲ್ಲಿ ಅಲ್ಲಿ ತರಬೇತಿ ಕೊಡುತ್ತಾರೆ. ಮಾರ್ಗದರ್ಶಿ ಎಲ್ಲಿ ಕಲಿತವರು, ಪ್ರಥಮ ಚಿಕಿತ್ಸೆ ಬಲ್ಲರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. 2018ರಲ್ಲಿ ಹೊರಬಂದ ಭಾರತೀಯ ಸಾಹಸ ಪ್ರವಾಸ ಮಾರ್ಗಸೂಚಿಯಲ್ಲಿ ಜಿಪ್‌ಲೈನಿಗೂ ಸಲಹೆಗಳಿವೆ. ಅದನ್ನು ಓದಿದ್ದೀರಾ ಎಂದು ಕೇಳಿದರೆ ನಡೆಸುವವರ ಮುಖವೇ ಉತ್ತರ ಹೇಳುತ್ತದೆ.

ಒಳ್ಳೆಯ ಮಾರ್ಗದರ್ಶಿಯ ಗುರುತು ಒಂದೇ. ಅವನು ಬೇಡವೆನ್ನಬಲ್ಲ. ಮೋಡ ಕವಿದರೆ, ಕುಡಿದು ಬಂದವರಿದ್ದರೆ, ತೂಕ ಹೊಂದದಿದ್ದರೆ, ಎದೆನೋವಿನವರು, ಗರ್ಭಿಣಿಯರು ಇದ್ದರೆ ಹಣ ಹಿಂದಿರುಗಿಸಿ ಕಳುಹಿಸುತ್ತಾನೆ. ಎಲ್ಲದಕ್ಕೂ "ಏನೂ ಆಗಲ್ಲ ಸಾರ್" ಎನ್ನುವವನಿಂದ ದೂರವಿರಿ.

ಹತ್ತುವ ಮೊದಲು ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಓದಿ. ಹಣ ಕೊಟ್ಟು ಸೇವೆ ಪಡೆದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರೇ. ರಸೀದಿ ಜೋಪಾನ ಮಾಡಿ. ಆಪತ್ತಿಗೆ 112, ಆಂಬುಲೆನ್ಸಿಗೆ 108. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಮೊದಲೇ ತಿಳಿದಿರಿ.

7. ಹೋಂಸ್ಟೇ ನಡೆಸುವ ಬೆಳೆಗಾರರಿಗೆ

ಬೆಲೆ ಏರಿಳಿತದ ಕಾಲದಲ್ಲಿ ತೋಟದ ಜೊತೆಗೆ ಅತಿಥಿಗಳಿಂದ ನಾಲ್ಕು ಕಾಸು ಬರಲಿ ಎಂಬುದು ಸಹಜ. ಆದರೆ ನೆರೆಯವರು ಹಾಕಿದರೆಂದು ನಾವೂ ಎರಡು ಸಿಲ್ವರ್ ಓಕ್ ಮರಗಳಿಗೆ ತಂತಿ ಬಿಗಿಯುವುದು ಬೇಡ. ಇಂಜಿನಿಯರ್ ಲೆಕ್ಕ, ಅಗತ್ಯ ಪರವಾನಗಿ, ವಿಮೆ, ಕಲಿತ ಸಿಬ್ಬಂದಿ ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ಕೈಹಾಕಬಾರದು. ಹಾಕಿದ ಮೇಲೆ ದಿನವೂ ಬೆಳಿಗ್ಗೆ ತಂತಿ, ಕಟ್ಟು, ಕೊಂಡಿ, ಬ್ರೇಕ್ ನೋಡಿ, ಖಾಲಿ ತೂಕ ಬಿಟ್ಟು ಪರೀಕ್ಷಿಸಿ, ಪುಸ್ತಕದಲ್ಲಿ ಬರೆದು ಸಹಿ ಹಾಕತಕ್ಕದ್ದು. ಬರೆಯದ ಪರೀಕ್ಷೆ ಮಾಡದ ಪರೀಕ್ಷೆಗೆ ಸಮ. ಇದಾಗದಿದ್ದರೆ ಅತಿಥಿಗಳಿಗೆ ತೋಟ ಸುತ್ತಿಸಿ, ಕಾಫಿ ಹಣ್ಣು ಬಿಡಿಸುವುದು, ಅಡಿಕೆ ಸುಲಿಯುವುದು ತೋರಿಸಿ. ಪೇಟೆಯ ಮಕ್ಕಳಿಗೆ ಅದೂ ಹೊಸತೇ.

ಅಭ್ಯಾಸದ ಪ್ರಶ್ನೆಗಳು

1. 60 ಕಿಲೋ ತೂಕದವರು 80 ಮೀಟರ್ ತಂತಿಯ ನಡುವೆ ಇದ್ದಾಗ ಜೋತ 4 ಮೀಟರ್ ಇದ್ದರೆ ತಂತಿಯ ಎಳೆತ ಎಷ್ಟು? ಜೋತ 2 ಮೀಟರ್ ಆದರೆ ಎಷ್ಟು? (ಉತ್ತರ: 300 ಕಿಲೋ, 600 ಕಿಲೋ.)

2. ಹಳ್ಳ ಉಕ್ಕುವ ಮೂರು ಮುನ್ಸೂಚನೆಗಳನ್ನು ಹೇಳಿ.

3. ನಿಮ್ಮ ತೋಟದಲ್ಲಿ ಮರ ಹತ್ತುವ ಆಳಿನ ಹಗ್ಗವನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ, ಪರೀಕ್ಷಿಸಿದವರು ಯಾರು?

ಮೂರನೆಯ ಪ್ರಶ್ನೆ ಪ್ರವಾಸಕ್ಕೆ ಸಂಬಂಧಿಸಿದ್ದಲ್ಲ ಎನಿಸಬಹುದು. ಮನೆಯ ಹುಡುಗರಿಗಾಗಿ ರೆಸಾರ್ಟಿನಲ್ಲಿ ಕೇಳುವ ಪ್ರಶ್ನೆಯನ್ನು ನಮ್ಮ ಮರ ಹತ್ತುವವನ ಮನೆಯವರು ನಮ್ಮನ್ನು ಕೇಳಿದರೆ ಉತ್ತರ ಸಿದ್ಧವಿರಬೇಕು. ಮುಂದಿನ ಸದಸ್ಯರ ಸಭೆಯಲ್ಲಿ ಈ ಪಾಠವನ್ನು ಓದಿ ಚರ್ಚಿಸಬೇಕಾಗಿ ವಿನಂತಿ.