ಬೆರಕೆ ಸೊಪ್ಪಿಗೆ ಹೊರಟವರಿಗೆ

ಮಕ್ಕಳೇ, ಮುಂಗಾರು ಹಿಡಿದು ರಾಗಿ ಹೊಲದಲ್ಲಿ ಕಳೆ ಕೀಳುವ ಹೊತ್ತಿಗೆ ನಮ್ಮ ಕಟ್ಟಾಯದ ಸುತ್ತಿನ ಬದುಗಳಲ್ಲಿ ಅಣ್ಣೆ, ಗಣಿಕೆ, ಹೊನಗೊನ್ನೆ, ಕೀರೆ, ಗೋಣಿ, ಚಗತೆ ಎಲ್ಲ ಒಟ್ಟಿಗೇ ಏಳುತ್ತವೆ. ಬೆರಕೆ ಸೊಪ್ಪಿನ ಬಸ್ಸಾರು, ಬಿಸಿ ಮುದ್ದೆ ಇದ್ದರೆ ಆ ದಿನಕ್ಕೆ ಸಂತೆಯ ತರಕಾರಿ ಬೇಕಿಲ್ಲ. ನೀವು ಮೊಬೈಲಿನಲ್ಲಿ ಫೋಟೊ ಹಿಡಿದು ಗಿಡದ ಹೆಸರು ಹುಡುಕುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಆದರೆ ಆ ಹೆಸರೊಂದನ್ನೇ ನಂಬಿ ಸೊಪ್ಪನ್ನು ಪಾತ್ರೆಗೆ ಹಾಕಬೇಡಿ.

ಮೊದಲು ಗಿಡಗಳ ಕುಟುಂಬ ಕಲಿಯಿರಿ. ಅಣ್ಣೆ, ಕೀರೆ, ದಂಟು, ಹೊನಗೊನ್ನೆ, ಉತ್ತರಾಣಿ ಒಂದೇ ಕುಟುಂಬದವು. ಅವುಗಳ ಹೂವನ್ನು ಬೆರಳಲ್ಲಿ ಉಜ್ಜಿದರೆ ಒಣ ಕಾಗದದಂತೆ ಸರಸರ ಅನ್ನುತ್ತದೆ. ಅಣ್ಣೆಯದು ತುದಿ ನಸುಗೆಂಪಾದ ಬೆಳ್ಳಿತೆನೆ. ಹೊನಗೊನ್ನೆಯ ಎಲೆ ಎದುರುಬದುರು, ಎಲೆಯ ಕಂಕುಳಲ್ಲೇ ಪುಟ್ಟ ಬಿಳಿ ಹೂಗುಂಪು.

ಬದನೆಯ ಕುಟುಂಬಕ್ಕೆ ಬಂದಾಗ ಮೈಯೆಲ್ಲ ಕಣ್ಣಾಗಿರಬೇಕು. ಹಾಸನದ ಆಲೂಗೆಡ್ಡೆ, ಅರಕಲಗೂಡು ಕಡೆಯ ಹೊಗೆಸೊಪ್ಪು, ಮೆಣಸಿನಕಾಯಿ, ಗಣಿಕೆ, ಉಮ್ಮತ್ತಿ ಎಲ್ಲವೂ ಅಲ್ಲಿಯವೇ. ಗಣಿಕೆ ಸೊಪ್ಪನ್ನು ಬೇಯಿಸಿ ತಿನ್ನುತ್ತೇವೆ, ಕಪ್ಪಗೆ ಮಾಗಿದ ಹಣ್ಣನ್ನೂ ತಿನ್ನುತ್ತೇವೆ; ಅದರ ಹಸಿರು ಕಾಯಿ ಬೇಡ. ಆಲೂಗೆಡ್ಡೆ ಗಿಡದ ಸೊಪ್ಪು, ಕಾಯಿ, ಬಿಸಿಲಿಗೆ ಹಸಿರಾದ ಗೆಡ್ಡೆಯಲ್ಲಿ ಸೊಲನಿನ್ ಎಂಬ ವಿಷವಿದೆ. ಉಮ್ಮತ್ತಿಯಂತೂ ಪ್ರಾಣವನ್ನೇ ತೆಗೆದೀತು. ಎಳೆಯದರಲ್ಲಿ ಉಮ್ಮತ್ತಿ, ಗಣಿಕೆ ಎರಡೂ ಹೊಸಬರ ಕಣ್ಣಿಗೆ ಒಂದೇ. ಹೂ ಬಿಟ್ಟ ಮೇಲೆ ಗೊಂದಲವಿಲ್ಲ: ಗಣಿಕೆಯದು ನಡುವೆ ಹಳದಿಯಿರುವ ಪುಟ್ಟ ಬಿಳಿ ನಕ್ಷತ್ರ, ಕಾಯಿ ಗೊಂಚಲು, ಉಮ್ಮತ್ತಿಯದು ಕಹಳೆಯಂಥ ಉದ್ದ ಹೂ, ಮುಳ್ಳುಕಾಯಿ. ಕಲಿಯುವ ವರ್ಷ ಹೂ ಕಾಣುವ ತನಕ ಕಾಯಿರಿ. ಕುಟುಂಬ ತಿಳಿದರೆ ಗುರುತು ಹತ್ತಿರವಾಗುತ್ತದೆ, ಅಷ್ಟೇ. ತಿನ್ನಬಹುದೇ ಎಂಬುದನ್ನು ಒಂದೊಂದು ಗಿಡಕ್ಕೂ ಬೇರೆಯಾಗಿಯೇ ಕಲಿಯಬೇಕು.

ಪುಸ್ತಕದ ವಿಷಯದಲ್ಲಿ ನಮ್ಮ ಜಿಲ್ಲೆ ಪುಣ್ಯ ಮಾಡಿದೆ. ಫಾದರ್ ಸೆಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕೋಲ್ಸನ್ ಸಂಪಾದಿಸಿದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' 1976ರಲ್ಲೇ ಬಂದಿದೆ. ಇಲ್ಲಿನ ಗಿಡಗಳನ್ನು ಕುಟುಂಬವಾರು ಗುರುತಿಸಲು ಅದಕ್ಕಿಂತ ಒಳ್ಳೆಯ ಆಧಾರ ನನಗೆ ಗೊತ್ತಿಲ್ಲ. ದೊಡ್ಡ ಗ್ರಂಥಾಲಯಗಳಲ್ಲಿ ಹುಡುಕಿ.

ಶುಂಠಿ, ಆಲೂಗೆಡ್ಡೆ ಹೊಲಗಳ ಬದುವಿನಲ್ಲಿ ಚಿಗುರು ಎಷ್ಟೇ ಸೊಂಪಾಗಿದ್ದರೂ ಕೈ ಹಾಕಬೇಡಿ; ಅಲ್ಲಿ ಔಷಧಿ ಹೊಡೆದಿರುತ್ತಾರೆ. ಚರಂಡಿ ಪಕ್ಕದ ಹೊನಗೊನ್ನೆಯೂ ಬೇಡ. ಕೀಳುವಾಗ ಬೇರು ಬಿಟ್ಟು ಕುಡಿ ಮಾತ್ರ ಚಿವುಟಿ. ನಿಮ್ಮ ಹೊಲಕ್ಕೆ ಕಳೆನಾಶಕ ಹೊಡೆಸುವ ಮುಂಚೆ, ಅದು ಈ ಸೊಪ್ಪನ್ನೂ ಸುಡುತ್ತದೆಂದು ಮನೆಯಲ್ಲಿ ಒಂದು ಮಾತು ಆಡಿ.

ಯಾವ ಸೊಪ್ಪಿಗೆ ಯಾವುದು ಸೇರಿದರೆ ಕಹಿ ಇಳಿಯುತ್ತದೆ, ಯಾವುದು ಬಲಿತರೆ ನಾರಾಗುತ್ತದೆ ಎಂಬುದು ಕಳೆ ಕೀಳುವ ಅಜ್ಜಿ, ಅತ್ತೆಯರ ಕೈಗೆ ಗೊತ್ತು. ಅವರ ಜೊತೆ ಸಾಲಿಗೆ ಕೂತು ಕಲಿಯಿರಿ, ಅವರು ಹೇಳುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಈ ಮಳೆಗಾಲದಲ್ಲೇ ಹೋಗಿ. ಅವರಲ್ಲಿ ಬಹಳ ಮಂದಿಗೆ ವಯಸ್ಸಾಗಿದೆ.