ಅಡುಗೆಮನೆಯಲ್ಲಿ ಭೋಗೋಪಭೋಗ ಪರಿಮಾಣ: ನಿತ್ಯದ ತರಕಾರಿಗಳ ವಿವೇಕ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದಿನವೂ ಅಡುಗೆಮನೆಯಲ್ಲಿಯೇ ಪರೀಕ್ಷೆಗೆ ಒಳಗಾಗುವ ವ್ರತವೆಂದರೆ ಭೋಗೋಪಭೋಗ ಪರಿಮಾಣ. ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಅನುಭವಕ್ಕೆ ಬರುವ ವಸ್ತ್ರಾಭರಣಾದಿಗಳು ಉಪಭೋಗ. ಇವೆರಡಕ್ಕೂ ಮಿತಿಯನ್ನು ಗೊತ್ತುಮಾಡಿಕೊಳ್ಳುವುದೇ ಪರಿಮಾಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳಲ್ಲಿ ಸೇರಿಸಿ, ಕಾಲಾವಧಿಯುಳ್ಳ ತ್ಯಾಗಕ್ಕೆ ‘ನಿಯಮ’ವೆಂದೂ ಜೀವಾವಧಿಯ ತ್ಯಾಗಕ್ಕೆ ‘ಯಮ’ವೆಂದೂ ಹೆಸರಿಟ್ಟಿದ್ದಾರೆ.

ಆದರೆ ಅನೇಕ ಮನೆಗಳಲ್ಲಿ ಈ ವ್ರತವು ‘ಇದನ್ನು ತಿನ್ನಬಾರದು, ಅದನ್ನು ತಿನ್ನಬಾರದು’ ಎಂಬ ಪಟ್ಟಿಯಾಗಿ ಮಾತ್ರ ಉಳಿದಿದೆ. ಓದಿಗಾಗಿ ಊರು ಬಿಟ್ಟ ಮಕ್ಕಳಿಗೆ ವಸತಿಗೃಹದ ಊಟದ ಎದುರಿನಲ್ಲಿ ಆ ಪಟ್ಟಿಯೊಂದೇ ಆಸರೆಯಾಗಲಾರದು. ‘ಏಕೆ?’ ಎಂದು ಜೊತೆಯವರು ಕೇಳಿದಾಗ ಉತ್ತರ ತಿಳಿಯದವನು ಮೊದಲು ನಾಚುತ್ತಾನೆ, ಬಳಿಕ ಬಿಡುತ್ತಾನೆ. ಆದುದರಿಂದ ಪಟ್ಟಿಯ ಹಿಂದಿರುವ ಕಾರಣವನ್ನು ತಾಯಿತಂದೆಗಳು ಅರಿತು ಮಕ್ಕಳಿಗೆ ತಿಳಿಸುವುದು ಅವಶ್ಯಕ.

ಹೆಸರಲ್ಲ, ಲಕ್ಷಣ

ಅಲ್ಪ ಫಲಕ್ಕಾಗಿ ಬಹು ಜೀವಘಾತವಾಗುವ ವಸ್ತುಗಳನ್ನು ಬಿಡಬೇಕೆಂದು ಸಮಂತಭದ್ರರು ಹೇಳಿ, ಮೂಲಂಗಿ, ಹಸಿ ಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆ ಹೂಗಳನ್ನು ಉದಾಹರಿಸಿದ್ದಾರೆ. ಇಲ್ಲಿ ಆಲೂಗಡ್ಡೆಯ ಹೆಸರಿಲ್ಲ. ಅದು ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರು ಬಂದ ಮೇಲೆ ಭಾರತವನ್ನು ತಲಪಿತು. ‘ಹೆಸರಿಲ್ಲದ ಮೇಲೆ ದೋಷವೆಲ್ಲಿ?’ ಎಂಬ ಪ್ರಶ್ನೆಗೆ ಉತ್ತರವು ಲಕ್ಷಣದಲ್ಲಿದೆ.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ, ಅನಂತ ನಿಗೋದ ಜೀವಗಳಿಗೆ ಆಶ್ರಯವಾದ ಸಪ್ರತಿಷ್ಠಿತ ವನಸ್ಪತಿಯನ್ನು ಗುರುತಿಸುವ ಬಗೆಯನ್ನು ತಿಳಿಸಿದ್ದಾರೆ. ಯಾವುದರ ನರ, ಸಂಧಿ, ಗಿಣ್ಣುಗಳು ಹೊರಗೆ ಕಾಣಿಸವೋ, ಮುರಿದರೆ ಯಾವುದು ಸಮವಾಗಿ ತುಂಡಾಗುವುದೋ, ಯಾವುದರಲ್ಲಿ ನಾರಿನ ಎಳೆ ಇರದೋ, ಕತ್ತರಿಸಿದರೂ ಯಾವುದು ಮತ್ತೆ ಚಿಗುರುವುದೋ ಅದು ಸಪ್ರತಿಷ್ಠಿತ. ಆಲೂಗಡ್ಡೆಯನ್ನು ಕಣ್ಣಿರುವಂತೆ ತುಂಡುಮಾಡಿ ನೆಟ್ಟರೆ ತುಂಡುತುಂಡೂ ಗಿಡವಾಗುವುದನ್ನು ಪ್ರತಿಯೊಬ್ಬ ರೈತನೂ ಬಲ್ಲನು. ಹೀಗೆ ಲಕ್ಷಣವನ್ನರಿತವನಿಗೆ ಹೊಸ ತರಕಾರಿ ಯಾವ ದೇಶದಿಂದ ಬಂದರೂ ನಿರ್ಣಯ ಕಷ್ಟವಲ್ಲ. ನೆಲಗಡಲೆ ಮಣ್ಣಿನೊಳಗೆ ಬಲಿತರೂ ಅದು ಕಂದವಲ್ಲ. ನೆಲದ ಮೇಲೆ ಅರಳಿದ ಹೂವಿನ ಬುಡದಿಂದ ಹೊರಟ ಊಡು ಮಣ್ಣಿಗಿಳಿದು ಕಾಯಾಗುತ್ತದೆ. ಆದಕಾರಣ ಅನೇಕ ಮನೆಗಳಲ್ಲಿ ಅದು ಸ್ವೀಕೃತವಾಗಿದೆ.

ಇದೇ ಲಕ್ಷಣವು ಕಾಯಿಗಳಿಗೂ ಅನ್ವಯಿಸುತ್ತದೆ. ಗೆರೆ ನಾರುಗಳು ಮೂಡದ ತೀರ ಎಳೆಯ ಕಾಯಿಗಿಂತ, ಅವು ಸ್ಪಷ್ಟವಾಗಿ ಕಾಣುವಷ್ಟು ಬೆಳೆದ ಕಾಯಿ ವ್ರತಿಗೆ ಯೋಗ್ಯ.

ನಿತ್ಯದ ಕಾಯಿಪಲ್ಯಗಳು

ಕಂದಮೂಲಗಳನ್ನು ಬಿಟ್ಟರೆ ಅಡುಗೆಗೆ ಏನುಳಿಯಿತು ಎಂದು ಚಿಂತಿಸುವವರು ಸಂತೆಯನ್ನು ಸರಿಯಾಗಿ ನೋಡಿಲ್ಲ. ಹೀರೆಕಾಯಿ ಹೆಸರುಬೇಳೆಯೊಡನೆ ಬೆಂದು ತೊವ್ವೆಯಾಗುತ್ತದೆ. ಹೆರೆದ ಅದರ ಸಿಪ್ಪೆ ಎಳ್ಳು, ಹುಣಸೆಗಳೊಡನೆ ಚಟ್ನಿಯಾಗುತ್ತದೆ. ಒಂದೇ ಕಾಯಿಯಲ್ಲಿ ಎರಡು ಪದಾರ್ಥ ಸಿದ್ಧವಾಗುವುದು ಪರಿಮಾಣಕ್ಕೂ ಅನುಕೂಲ. ಸೋರೆ, ಪಡುವಲಗಳು ತೆಂಗಿನ ತುರಿಯ ಪಲ್ಯಕ್ಕೂ ಕೂಟಿಗೂ ಒದಗುತ್ತವೆ. ಹಾಗಲಕಾಯಿ ಹುಣಸೆ, ಬೆಲ್ಲ, ಎಳ್ಳಿನ ಪುಡಿಗಳಿಂದ ಗೊಜ್ಜಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಚವಳಿಕಾಯಿಗೆ ಶೇಂಗಾ ಪುಡಿ ಕೂಡಿದರೆ ರೊಟ್ಟಿಗೆ ಬೇರೆ ಪಲ್ಯ ಬೇಡ. ಕರಾವಳಿಯ ಮನೆಗಳಲ್ಲಿ ಬಲಿತ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿ ಮಳೆಗಾಲದುದ್ದಕ್ಕೂ ಹುಳಿಗೆ ಬಳಸುವ ಪದ್ಧತಿಯಿದೆ. ಬಾಳೆಕಾಯಿ, ಜೀಗುಜ್ಜೆಗಳು ಪಲ್ಯಕ್ಕೂ ಹುಳಿಗೂ ಸಲ್ಲುತ್ತವೆ. ಒಗ್ಗರಣೆಗೆ ಜೀರಿಗೆ, ಕಾಳುಮೆಣಸು ಸಾಕು. ಹಸಿ ಶುಂಠಿಯ ಸ್ಥಾನವನ್ನು ಒಣಶುಂಠಿ ತುಂಬುತ್ತದೆ.

ಕತ್ತರಿಸುವ ಕೆಲಸವು ಹಗಲ ಬೆಳಕಿನಲ್ಲಿಯೇ ಆಗಬೇಕು. ಬೆಂಡೆಯನ್ನು ಉದ್ದಕ್ಕೆ ಸೀಳಿ ನೋಡಿದ ಮೇಲೆಯೇ ಹೋಳುಮಾಡಬೇಕು. ಅವರೆ, ಅಲಸಂದೆಗಳ ಒಂದೊಂದು ಕಾಯನ್ನೂ ಬಿಡಿಸಿ ಪರೀಕ್ಷಿಸಬೇಕು. ಹೂಕೋಸಿನ ಒತ್ತಾದ ಹೂಗಳ ಸಂದಿಯಲ್ಲಿ ಹುಳುಗಳನ್ನು ಪೂರ್ಣವಾಗಿ ಶೋಧಿಸಲಾಗದು, ಬದನೆ ಬಹುಬೀಜವುಳ್ಳದ್ದು. ಆದುದರಿಂದ ಇವೆರಡನ್ನೂ ಬಿಟ್ಟಿರುವ ಮನೆಗಳು ಬಹಳ.

ಮಳೆಗಾಲ ಮತ್ತು ಪರ್ವದಿನ

13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರ ಧರ್ಮಾಮೃತದಲ್ಲಿ, ಮಳೆಗಾಲದಲ್ಲಿ ಸೊಪ್ಪನ್ನೂ ಒಡೆಯದ ಇಡಿಯ ಕಾಳನ್ನೂ ಬಿಡಬೇಕೆಂದು ವಿಧಿಸಿದ್ದಾರೆ. ಆ ಕಾಲದಲ್ಲಿ ಎಲೆಯ ಮೇಲೂ ಕಾಳಿನ ಒಳಗೂ ಸೂಕ್ಷ್ಮ ತ್ರಸಜೀವಗಳು ಹೆಚ್ಚುತ್ತವೆ. ಕಾಳನ್ನು ಬೇಳೆ ಮಾಡಿದರೆ ಒಳಗಿನ ಹುಳು ಕಣ್ಣಿಗೆ ಬೀಳುತ್ತದೆ. ಕಾಯಿಸದ ಹಾಲು, ಅದರಿಂದಾದ ಮೊಸರು ಮಜ್ಜಿಗೆಗಳೊಡನೆ ದ್ವಿದಳ ಧಾನ್ಯ ಬೆರೆಯಬಾರದೆಂಬುದೂ ಅವರ ಮಾತು. ರೂಢಿಯಲ್ಲಿ ಅನೇಕರು ಮೊಸರು ಬೇಳೆಗಳ ಬೆರಕೆಯನ್ನೇ ತ್ಯಜಿಸಿದ್ದಾರೆ. ಅಂಥ ಮನೆಗಳಲ್ಲಿ ಬೂದುಗುಂಬಳದ ಮಜ್ಜಿಗೆಹುಳಿಗೆ ಕಡಲೆಬೇಳೆಯ ಬದಲು ನೆನೆಸಿದ ಅಕ್ಕಿಯನ್ನು ತೆಂಗಿನಕಾಯಿಯೊಡನೆ ಅರೆಯುತ್ತಾರೆ. ಒಗ್ಗರಣೆಗೂ ಉದ್ದಿನಬೇಳೆ ಹಾಕುವುದಿಲ್ಲ. ರುಚಿಗೆ ಕೊರತೆಯಿಲ್ಲ, ವ್ರತಕ್ಕೆ ಭಂಗವಿಲ್ಲ.

ಅಷ್ಟಮಿ, ಚತುರ್ದಶಿಗಳಲ್ಲಿಯೂ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿಯೂ ಹಸಿ ತರಕಾರಿಯನ್ನು ಬಿಡುವವರಿಗೆ ಹೆಸರುಬೇಳೆಯ ತೊವ್ವೆ, ತೊಗರಿಬೇಳೆಯ ಸಾರು, ಕಡಲೆಹಿಟ್ಟಿನ ಜುಣಕಗಳಿವೆ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳೆಂಬುದನ್ನು ಮರೆಯಬಾರದು.

ಪಾತ್ರೆಯ ಅತಿಚಾರ, ಮನಸ್ಸಿನ ಅತಿಚಾರ

ಈ ವ್ರತದ ಅತಿಚಾರಗಳನ್ನು ಆಚಾರ್ಯರು ಎರಡು ರೀತಿಯಿಂದ ಎಣಿಸಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಸಚಿತ್ತ ಆಹಾರ, ಸಚಿತ್ತಕ್ಕೆ ತಗುಲಿದ ಆಹಾರ, ಸಚಿತ್ತ ಬೆರೆತ ಆಹಾರ, ಉನ್ಮಾದಕರವಾದ ಆಹಾರ, ಸರಿಯಾಗಿ ಬೇಯದ ಆಹಾರ ಎಂದು ಐದು ಹೇಳಿದೆ. ಇವೆಲ್ಲ ಪಾತ್ರೆಗೆ ಸಂಬಂಧಿಸಿದವು. ರತ್ನಕರಂಡಕದಲ್ಲಿ ಹೇಳಿರುವ ಐದು ಬೇರೆ: ವಿಷಯವೆಂಬ ವಿಷದಲ್ಲಿ ಆದರವನ್ನು ಬಿಡದಿರುವುದು, ಹಿಂದೆ ಉಂಡದ್ದನ್ನು ನೆನೆಯುತ್ತಿರುವುದು, ಉಣ್ಣುವಾಗ ಅತಿ ಲೋಲುಪತೆ, ಮುಂದೆ ಸಿಗಬೇಕೆಂಬ ಅತಿ ತೃಷ್ಣೆ, ಭೋಗದಲ್ಲಿ ಅತಿಯಾಗಿ ಮುಳುಗುವುದು. ಇವು ಮನಸ್ಸಿಗೆ ಸಂಬಂಧಿಸಿದವು.

ಈ ಎರಡನೆಯ ಗಣನೆಯನ್ನು ಗೃಹಸ್ಥರು ವಿಶೇಷವಾಗಿ ಮನನ ಮಾಡಬೇಕು. ಆಲೂಗಡ್ಡೆಯ ಬದಲು ಬಾಳೆಕಾಯಿಯ ಪಲ್ಯ ಮಾಡುವುದು ದೋಷವಲ್ಲ. ಆದರೆ ‘ಥೇಟ್ ಆಲೂಗಡ್ಡೆಯಂತೆಯೇ ಇದೆ’ ಎಂದು ಹಿಗ್ಗುತ್ತ ಉಣ್ಣುವಲ್ಲಿ, ನಾಲಿಗೆ ಬಿಟ್ಟದ್ದನ್ನು ಮನಸ್ಸು ಹಿಡಿದುಕೊಂಡಂತಾಯಿತು. ಬಾಳೆಕಾಯಿಯನ್ನು ಬಾಳೆಕಾಯಿಯೆಂದೇ ಉಂಡು ತೃಪ್ತನಾಗುವವನಲ್ಲಿ ತ್ಯಾಗ ಸಹಜವಾಗಿ ನೆಲೆಸುತ್ತದೆ. ಅಂತೆಯೇ ಕಂದಮೂಲ ಬಿಟ್ಟೆನೆಂದು ಒಂದೇ ಊಟಕ್ಕೆ ಐದಾರು ಬಗೆಯ ಪಲ್ಯಗಳನ್ನು ಮಾಡಿಸುವವನು ಭೋಗವನ್ನು ಬದಲಿಸಿದನೇ ಹೊರತು ಕಡಿಮೆ ಮಾಡಲಿಲ್ಲ.

ಆದುದರಿಂದ ಕಂದಮೂಲ ತ್ಯಾಗವು ಯಮರೂಪದಲ್ಲಿ ಇರಲಿ. ಅದರ ಮೇಲೆ ದಿನದಿನದ ನಿಯಮವೂ ಇರಲಿ. ಬೆಳಿಗ್ಗೆ ದೇವದರ್ಶನವಾದ ಬಳಿಕ ‘ಈ ದಿನ ಎರಡೇ ತರಕಾರಿ’ ಎಂದೋ, ‘ಈ ಪಕ್ಷ ಸೊಪ್ಪಿಲ್ಲ’ ಎಂದೋ ಮನೆಮಂದಿಯೆಲ್ಲ ಸಂಕಲ್ಪಿಸಬಹುದು. ನಿಯಮವು ಚಿಕ್ಕದಾಗಿರಲಿ, ಆದರೆ ತಪ್ಪದಿರಲಿ. ಮಕ್ಕಳ ಕೈಗೆ ಒಂದು ಹೀರೆಕಾಯಿಯನ್ನೂ ಚಿಗುರೊಡೆದ ಒಂದು ಗಡ್ಡೆಯನ್ನೂ ಕೊಟ್ಟು, ಗೆರೆ ಎಲ್ಲಿದೆ, ನಾರು ಎಲ್ಲಿದೆ, ಮೊಳಕೆ ಎಲ್ಲಿಂದ ಹೊರಟಿದೆ ಎಂದು ತೋರಿಸಿದರೆ ಗೊಮ್ಮಟಸಾರದ ಒಂದು ಪಾಠ ಮನೆಯಲ್ಲಿಯೇ ಆದಂತಾಗುತ್ತದೆ. ಹಾಗೆ ಕಣ್ಣಾರೆ ಕಂಡು ಕಲಿತ ಮಗು ದೂರದ ಊರಿನಲ್ಲಿಯೂ ವ್ರತವನ್ನು ತಾನಾಗಿಯೇ ಕಾಪಾಡಿಕೊಳ್ಳುವುದು.

ಮನನಕ್ಕೆ ಪ್ರಶ್ನೆಗಳು

1. ಯಮ, ನಿಯಮಗಳ ಭೇದವೇನು? ಒಂದೊಂದಕ್ಕೆ ಮನೆಯ ಅಡುಗೆಯಿಂದ ಉದಾಹರಣೆ ಕೊಡಿರಿ.
2. ಸಪ್ರತಿಷ್ಠಿತ ವನಸ್ಪತಿಯ ನಾಲ್ಕು ಲಕ್ಷಣಗಳಾವುವು?
3. ಮಳೆಗಾಲದಲ್ಲಿ ಇಡಿಯ ಕಾಳನ್ನು ಬಿಟ್ಟು ಬೇಳೆಯನ್ನು ಬಳಸುವುದೇಕೆ?
4. ಬಿಟ್ಟ ಪದಾರ್ಥದ ರುಚಿಯನ್ನು ನೆನೆಯುತ್ತ ಉಣ್ಣುವುದು ಯಾವ ಅತಿಚಾರ?